ಗಣಕಯಂತ್ರಗಳಲ್ಲಿ ಗುಪ್ತ ಫೋಲ್ಡರು: ಅದರ್ಶನ-ರಕ್ಷಣೆಗಳ ಚಾರಿತ್ರಿಕ ವಿಚಾರ

೧. ಉಪೋದ್ಘಾತ

ವಸ್ತುವು ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ, ಇದ್ದು ರಕ್ಷಿತವಾಗಿರುವುದು ಬೇರೆ. ಈ ಭೇದವನ್ನು ಭಾರತೀಯ ಶಾಸ್ತ್ರಕಾರರು ಬಹು ಹಿಂದೆಯೇ ವಿವೇಚಿಸಿರುವರು. ಪಾಣಿನಿಯು ಅಷ್ಟಾಧ್ಯಾಯಿಯ ಮೊದಲ ಪಾದದಲ್ಲಿ ಲೋಪವೆಂಬ ಸಂಜ್ಞೆಯನ್ನು ವಿಧಿಸುವಾಗ, ಲೋಪವೆಂದರೆ ನಾಶವೆಂದು ಹೇಳದೆ, ಇರತಕ್ಕುದು ತೋರದಿರುವಿಕೆ ಎಂಬ ಅರ್ಥವನ್ನು ಮಾತ್ರ ಹೇಳಿರುವನು. ಪ್ರತ್ಯಯವು ಲೋಪವಾದ ಮೇಲೆಯೂ ಆ ಪ್ರತ್ಯಯವನ್ನು ನಿಮಿತ್ತವಾಗಿ ಉಳ್ಳ ಕಾರ್ಯವು ನಡೆಯುವುದೆಂದು ಅಲ್ಲಿಯೇ ಮುಂದೆ ವಿಧಿಸಿರುವನು. ಕನ್ನಡದಲ್ಲಿ ಹದಿಮೂರನೆಯ ಶತಮಾನದ ಕೇಶಿರಾಜನೂ ಶಬ್ದಮಣಿದರ್ಪಣದ ಸಂಧಿಪ್ರಕರಣದಲ್ಲಿ ಸ್ವರಲೋಪವನ್ನು ನಿರೂಪಿಸಿರುವನು. ಊರು ಎಂಬುದಕ್ಕೆ ಅಲ್ಲಿ ಎಂಬುದು ಸೇರಿ ಊರಲ್ಲಿ ಎಂದಾದಾಗ ಉಕಾರವು ಕಿವಿಗೆ ಕೇಳಿಸದು. ಪದವನ್ನು ಬಿಡಿಸಿ ನೋಡಿದವನಿಗೆ ಅದು ಮತ್ತೆ ದೊರೆಯುವುದು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದ ಗಣಕಯಂತ್ರಗಳಲ್ಲಿ ಇದೇ ಭೇದವು ಬೇರೊಂದು ರೂಪದಿಂದ ತಲೆದೋರಿತು. ಕೀಲಿಮಣೆಯಿಂದ ಆಜ್ಞೆಗಳನ್ನು ಅಕ್ಷರಶಃ ಬರೆದು ಯಂತ್ರವನ್ನು ನಡೆಯಿಸುತ್ತಿದ್ದ ಕಾಲದಲ್ಲಿ, ಒಂದು ಫೋಲ್ಡರನ್ನು ಇತರರ ಕಣ್ಣಿಗೆ ಬೀಳದಂತೆ ಇಡುವ ಉಪಾಯವು ಅನೇಕರಿಗೆ ತಿಳಿದಿದ್ದಿತು. ಅದನ್ನು ತಿಳಿದವರಲ್ಲಿ ಬಹುಮಂದಿ ಅದನ್ನು ಬೀಗವೆಂದೇ ಎಣಿಸಿದರು. ಅದು ಬೀಗವಾಗಿರಲಿಲ್ಲ. ಈ ಉಪಾಯವು ಎಲ್ಲಿ ಹುಟ್ಟಿತು, ಯಾವ ಪ್ರಯೋಜನಕ್ಕಾಗಿ ಹುಟ್ಟಿತು, ಜನರು ಅದನ್ನು ಏನೆಂದು ಭ್ರಮಿಸಿದರು, ಆ ಭ್ರಮೆಯಿಂದ ಆದ ಹಾನಿಯೇನು ಎಂಬಿವನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು. ತುಮಕೂರು ತಾಲ್ಲೂಕಿನ ಊರ್ಡಿಗೆರೆಯಂತಹ ಹೋಬಳಿಯ ರೈತನ ಪಹಣಿಯವರೆಗೂ ಈ ವಿಚಾರದ ಫಲವು ಮುಟ್ಟುವುದರಿಂದ, ಇದು ಕೇವಲ ಯಂತ್ರಜ್ಞರ ಕುತೂಹಲಕ್ಕೆ ಬಿಟ್ಟ ವಿಷಯವಲ್ಲ.

೨. ಪಟ್ಟಿ ಬೇರೆ, ಭಂಡಾರ ಬೇರೆ

ಗಣಕಯಂತ್ರದಲ್ಲಿ ಬರೆದಿಟ್ಟ ಪ್ರತಿಯೊಂದು ಲೇಖ್ಯಕ್ಕೂ ಕಡತವೆಂದು ಹೆಸರು. ಕಡತಗಳನ್ನು ಗುಂಪುಗೂಡಿಸಿ ಇಡುವ ಸ್ಥಾನವು ಫೋಲ್ಡರು. ಹಳೆಯ ಯಂತ್ರಗಳಲ್ಲಿ ಇದನ್ನೇ ಡೈರೆಕ್ಟರಿ ಎಂದು ಕರೆಯುತ್ತಿದ್ದರು. ಡೈರೆಕ್ಟರಿ ಎಂಬ ಪದಕ್ಕೆ ಹೆಸರುಗಳ ಪಟ್ಟಿ ಎಂದೇ ಅರ್ಥವು. ವಸ್ತುತಃ ಫೋಲ್ಡರೆಂಬುದು ಪೆಟ್ಟಿಗೆಯಲ್ಲ, ಪಟ್ಟಿಯೇ ಸರಿ. ಯಾವ ಹೆಸರಿನ ಕಡತವು ತಟ್ಟೆಯ ಯಾವ ಭಾಗದಲ್ಲಿ ಬರೆಯಲ್ಪಟ್ಟಿದೆ ಎಂಬುದನ್ನು ಅದು ಹೇಳುವುದು. ಇಂದಿನ ಯಂತ್ರಗಳಲ್ಲಿ ಫೋಲ್ಡರುಗಳು ಚಿತ್ರರೂಪದಿಂದ ಪರದೆಯ ಮೇಲೆ ಕಾಣುವುವು. ಹಿಂದೆ ಹಾಗಿರಲಿಲ್ಲ. ಕಪ್ಪು ಪರದೆಯ ಮೇಲೆ ಮಿನುಗುವ ಒಂದು ಚಿಹ್ನೆಯ ಮುಂದೆ ಆಜ್ಞಾಪದವನ್ನು ಬರೆದಾಗಲೇ ಯಂತ್ರವು ಪಟ್ಟಿಯನ್ನು ಓದಿ ಹೇಳುತ್ತಿದ್ದಿತು. ಯಂತ್ರವು ಹೇಳಿದಷ್ಟೇ ಅದರಲ್ಲಿ ಇದೆ ಎಂದು ನಂಬುವುದು ಸಹಜವಾಗಿದ್ದಿತು.

ಈ ನಂಬಿಕೆಯ ದೋಷವನ್ನು ತಿಳಿಯಲು ಗ್ರಂಥಭಂಡಾರದ ನಿದರ್ಶನವೇ ಸಾಕು. ಕೌಟಿಲ್ಯನ ಅರ್ಥಶಾಸ್ತ್ರವು ಇತರ ಗ್ರಂಥಗಳ ಉಲ್ಲೇಖಗಳಿಂದ ಮಾತ್ರ ವಿದ್ವಾಂಸರಿಗೆ ಗೊತ್ತಿದ್ದು, ಮೂಲವು ನಷ್ಟವಾಯಿತೆಂದೇ ಭಾವಿಸಲ್ಪಟ್ಟಿದ್ದಿತು. ೧೮೯೧ರಲ್ಲಿ ಸ್ಥಾಪಿತವಾದ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಪ್ರಾಂತದ ಪಂಡಿತರೊಬ್ಬರಿಂದ ಬಂದ ತಾಳೆಯೋಲೆಯ ಪ್ರತಿಯನ್ನು ರುದ್ರಪಟ್ಟಣದ ಶಾಮಶಾಸ್ತ್ರಿಗಳು ಗುರುತಿಸಿ, ೧೯೦೫ರಿಂದ ಅದರ ಭಾಗಗಳನ್ನು ಪ್ರಕಟಿಸತೊಡಗಿ, ೧೯೦೯ರಲ್ಲಿ ಮೂಲವನ್ನು ಮುದ್ರಿಸಿದರು. ೧೯೧೫ರಲ್ಲಿ ಅವರ ಇಂಗ್ಲಿಷ್ ಅನುವಾದವು ಹೊರಬಂದಿತು. ಗ್ರಂಥವು ಶತಮಾನಗಳ ಕಾಲ ಕಾಣದಿದ್ದಿತು, ಆದರೆ ಇಲ್ಲದಿರಲಿಲ್ಲ. ಅದನ್ನು ಯಾರೂ ಬೀಗ ಹಾಕಿ ಕಾಪಾಡಿಯೂ ಇರಲಿಲ್ಲ. ಹುಳುಹತ್ತಿಯೋ ಬೆಂಕಿಬಿದ್ದೋ ಹಾಳಾಗಬಹುದಾಗಿದ್ದಿತು. ಪಟ್ಟಿಯಲ್ಲಿ ಹೆಸರಿಲ್ಲದ ಗ್ರಂಥಕ್ಕೆ ನಾಶದ ಭಯವು ಕಡಿಮೆಯಾಗದೆ ಹೆಚ್ಚೇ ಆಗುವುದೆಂಬುದನ್ನು ಮುಂದಿನ ವಿಚಾರಕ್ಕಾಗಿ ಇಲ್ಲಿ ನೆನಪಿನಲ್ಲಿಡತಕ್ಕುದು.

೩. ಯೂನಿಕ್ಸಿನಲ್ಲಿ ಬಿಂದುವಿನ ಕಥೆ

ಫೋಲ್ಡರಿನೊಳಗೆ ಫೋಲ್ಡರನ್ನು ಇಡುವ ವೃಕ್ಷಾಕಾರದ ಪದ್ಧತಿಯನ್ನು ಲೋಕದಲ್ಲಿ ಬಹುವಾಗಿ ಹರಡಿದುದು ಯೂನಿಕ್ಸ್ ಎಂಬ ವ್ಯವಸ್ಥೆಯು. ಅಮೆರಿಕಾದ ನ್ಯೂಜೆರ್ಸಿ ಪ್ರಾಂತದ ಮರ್ರೆಹಿಲ್ಲಿನಲ್ಲಿದ್ದ ಬೆಲ್ ಪ್ರಯೋಗಶಾಲೆಯಲ್ಲಿ ೧೯೬೯ರಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಇದನ್ನು ಪಿಡಿಪಿ-೭ ಎಂಬ ಯಂತ್ರದ ಮೇಲೆ ರಚಿಸತೊಡಗಿದರು. ಇದರಲ್ಲಿ ಪ್ರತಿಯೊಂದು ಡೈರೆಕ್ಟರಿಯಲ್ಲಿಯೂ ಎರಡು ವಿಶೇಷ ಹೆಸರುಗಳು ಇದ್ದುವು. ಒಂದು ಬಿಂದುವು ತನ್ನನ್ನು ತಾನೇ ಸೂಚಿಸುವುದು. ಎರಡು ಬಿಂದುಗಳು ತನ್ನ ತಾಯಿಯ ಸ್ಥಾನದಲ್ಲಿರುವ ಮೇಲಿನ ಡೈರೆಕ್ಟರಿಯನ್ನು ಸೂಚಿಸುವುವು. ಪಟ್ಟಿಯನ್ನು ತೋರಿಸುವ ಎಲ್‌ಎಸ್ ಎಂಬ ಆಜ್ಞೆಯನ್ನು ಕೊಟ್ಟಾಗಲೆಲ್ಲ ಈ ಎರಡೂ ಹೆಸರುಗಳು ವ್ಯರ್ಥವಾಗಿ ಕಾಣಿಸಿಕೊಳ್ಳುತ್ತಿದ್ದುವು. ಇವನ್ನು ಬಿಟ್ಟು ಉಳಿದುದನ್ನು ತೋರಿಸೆಂದು ವಿಧಿಸಬೇಕಾಗಿದ್ದಿತು.

ಆಗ ಬರೆದ ವಿಧಿಯು ಅತಿವ್ಯಾಪ್ತಿದೋಷದಿಂದ ಕೂಡಿತ್ತು. ಹೆಸರು ಬಿಂದುವೇ ಆಗಿದ್ದರೆ ಅಥವಾ ಬಿಂದುದ್ವಯವೇ ಆಗಿದ್ದರೆ ಬಿಡು ಎಂದು ಬರೆಯುವುದಕ್ಕೆ ಬದಲಾಗಿ, ಹೆಸರಿನ ಮೊದಲ ಅಕ್ಷರವು ಬಿಂದುವಾಗಿದ್ದರೆ ಬಿಡು ಎಂದು ಬರೆಯಲಾಯಿತು. ಲಕ್ಷಣವು ಎರಡೇ ಲಕ್ಷ್ಯಗಳಿಗಾಗಿ ಹುಟ್ಟಿ, ಬಿಂದುವಿನಿಂದ ಮೊದಲಾಗುವ ಎಲ್ಲ ಹೆಸರುಗಳಿಗೂ ಹಬ್ಬಿತು. ಬೆಲ್ ಪ್ರಯೋಗಶಾಲೆಯಲ್ಲಿ ಕೆಲಸಮಾಡಿದ ರಾಬ್ ಪೈಕರು ೨೦೧೨ರಲ್ಲಿ ಈ ವೃತ್ತಾಂತವನ್ನು ಬಹಿರಂಗವಾಗಿ ಬರೆದು, ಗುಪ್ತಕಡತವೆಂಬ ಭಾವನೆಯೇ ಅನುದ್ದಿಷ್ಟವಾದ ಒಂದು ತಪ್ಪಿನ ಫಲವೆಂದು ತಿಳಿಸಿದರು. ಅಲ್ಪಶ್ರಮದ ಆಸೆಯಿಂದ ಒಂದು ವಿಧಿಯನ್ನು ಮೊಟಕುಗೊಳಿಸಿದುದು ಅರ್ಧ ಶತಮಾನದ ಆಚಾರಕ್ಕೆ ಮೂಲವಾಯಿತು.

ಹೀಗೆ ಎಂಕೆಡಿಐಆರ್ ಎಂಬ ಆಜ್ಞೆಯ ಮುಂದೆ ಬಿಂದುವನ್ನಿಟ್ಟು ಲೆಕ್ಕ ಎಂಬ ಹೆಸರನ್ನು ಬರೆದರೆ, ಸಾಮಾನ್ಯವಾದ ಪಟ್ಟಿಯಲ್ಲಿ ಕಾಣದ ಫೋಲ್ಡರು ಸಿದ್ಧವಾಗುವುದು. ಎಲ್‌ಎಸ್ ಆಜ್ಞೆಗೆ ಅಡ್ಡಗೆರೆಯನ್ನೂ ಎ ಎಂಬ ಅಕ್ಷರವನ್ನೂ ಸೇರಿಸಿದೊಡನೆ ಅದು ಕಾಣುವುದು. ಯೂನಿಕ್ಸಿನ ಡೈರೆಕ್ಟರಿಯಲ್ಲಿ ಗುಪ್ತವೆಂದು ಗುರುತುಮಾಡುವುದಕ್ಕೆ ಬೇರೆ ಸ್ಥಳವೇ ಇರಲಿಲ್ಲ. ೧೯೭೯ರ ಏಳನೆಯ ಆವೃತ್ತಿಯಲ್ಲಿ ಒಂದೊಂದು ಹೆಸರಿಗೆ ೧೬ ಬೈಟುಗಳು ಮೀಸಲಾಗಿದ್ದುವು. ಅವುಗಳಲ್ಲಿ ೨ ಬೈಟುಗಳು ಕಡತದ ಸಂಖ್ಯೆಗೆ, ಉಳಿದ ೧೪ ಹೆಸರಿಗೆ. ಆದುದರಿಂದ ಗುಪ್ತತೆಯು ಹೆಸರಿನ ಧರ್ಮವಾಯಿತೇ ಹೊರತು ವಸ್ತುವಿನ ಧರ್ಮವಾಗಲಿಲ್ಲ.

ಯೂನಿಕ್ಸಿನಲ್ಲಿ ನಿಜವಾದ ರಕ್ಷಣೆಯು ಪ್ರತ್ಯೇಕವಾಗಿಯೇ ಇದ್ದಿತೆಂಬುದನ್ನು ಮರೆಯಲಾಗದು. ಒಡೆಯ, ಗುಂಪು, ಇತರರು ಎಂಬ ಮೂವರಿಗೂ ಓದುವ, ಬರೆಯುವ, ಪ್ರವೇಶಿಸುವ ಅಧಿಕಾರಗಳನ್ನು ಬೇರೆಬೇರೆಯಾಗಿ ಕೊಡಲು ಸಿಎಚ್‌ಮೋಡ್ ಎಂಬ ಆಜ್ಞೆಯು ಇದ್ದಿತು. ಇತರರಿಗೆ ಯಾವ ಅಧಿಕಾರವನ್ನೂ ಕೊಡದ ಫೋಲ್ಡರಿನ ಹೆಸರು ಪಟ್ಟಿಯಲ್ಲಿ ಕಾಣಬಹುದು. ಒಳಹೊಗುವುದು ಮಾತ್ರ ಆಗದು. ಬಿಂದುವಿನ ಫೋಲ್ಡರು ಕಾಣದು, ಆದರೆ ತೆರೆದಿರುವುದು; ಅಧಿಕಾರವಿಲ್ಲದ ಫೋಲ್ಡರು ಕಾಣುವುದು, ಆದರೆ ಮುಚ್ಚಿರುವುದು. ಈ ವೈಪರೀತ್ಯವೇ ಸಮಸ್ತ ವಿಚಾರಕ್ಕೂ ಕೀಲಿಕೈಯಾಗಿದೆ.

೪. ಎಂಟನೆಯ ಬಿಟ್ಟು

ಮನೆಗಳಿಗೂ ಸಣ್ಣ ಕಚೇರಿಗಳಿಗೂ ಬಂದ ಚಿಕ್ಕ ಯಂತ್ರಗಳ ಚರಿತ್ರೆಯು ಇದಕ್ಕಿಂತ ಭಿನ್ನವಾದುದು. ೧೯೭೪ರಲ್ಲಿ ಗ್ಯಾರಿ ಕಿಲ್ಡಾಲರು ರಚಿಸಿದ ಸಿಪಿ/ಎಂ ಎಂಬ ವ್ಯವಸ್ಥೆಯಲ್ಲಿ ಫೋಲ್ಡರಿನೊಳಗೆ ಫೋಲ್ಡರೆಂಬುದು ಇರಲಿಲ್ಲ. ಕಡತದ ಹೆಸರಿಗೆ ೮ ಅಕ್ಷರ, ಅದರ ಜಾತಿಸೂಚಕವಾದ ಉತ್ತರಪದಕ್ಕೆ ೩ ಅಕ್ಷರ ಎಂಬ ಮಿತಿಯು ಇದ್ದಿತು. ಇಂಗ್ಲಿಷಿನ ಒಂದೊಂದು ಅಕ್ಷರವನ್ನು ಸೂಚಿಸಲು ೭ ಬಿಟ್ಟುಗಳು ಸಾಕು. ಬೈಟಿನಲ್ಲಿ ೮ ಬಿಟ್ಟುಗಳಿರುವುವು. ಹೀಗೆ ಒಂದೊಂದು ಅಕ್ಷರದಲ್ಲಿಯೂ ಉಳಿದ ಎಂಟನೆಯ ಬಿಟ್ಟನ್ನು ಎರಡನೆಯ ಆವೃತ್ತಿಯಲ್ಲಿ ಗುರುತಿಗಾಗಿ ಉಪಯೋಗಿಸಿಕೊಂಡರು. ಉತ್ತರಪದದ ಮೊದಲ ಅಕ್ಷರದ ಎಂಟನೆಯ ಬಿಟ್ಟು ಏರಿದ್ದರೆ ಆ ಕಡತವನ್ನು ಓದಬಹುದು, ತಿದ್ದಲಾಗದು. ಎರಡನೆಯ ಅಕ್ಷರದಲ್ಲಿ ಏರಿದ್ದರೆ ಅದು ಪಟ್ಟಿಯಲ್ಲಿ ತೋರದು.

ಇದು ವ್ಯಾಕರಣದ ಅನುಬಂಧಗಳನ್ನು ನೆನಪಿಗೆ ತರುವುದು. ಧಾತುಪ್ರತ್ಯಯಗಳಿಗೆ ಅಂಟಿಸಿದ ಇತ್‌ಸಂಜ್ಞೆಯ ವರ್ಣವು ಪ್ರಯೋಗದಲ್ಲಿ ಉಚ್ಚರಿಸಲ್ಪಡದಿದ್ದರೂ ಕಾರ್ಯವನ್ನು ವಿಧಿಸುವುದು. ಇಲ್ಲಿಯೂ ಅಕ್ಷರಕ್ಕೆ ಅಂಟಿದ ಬಿಟ್ಟು ತಾನು ಕಾಣದೆ, ಕಡತವು ಕಾಣಬೇಕೋ ಬೇಡವೋ ಎಂಬುದನ್ನು ನಿರ್ಣಯಿಸಿತು. ಸ್ಟ್ಯಾಟ್ ಎಂಬ ಆಜ್ಞೆಯಿಂದ ಈ ಗುರುತನ್ನು ಹಾಕಲೂ ತೆಗೆಯಲೂ ಸಾಧ್ಯವಿದ್ದಿತು. ಅದೇ ಆಜ್ಞೆಯು ಅಂತಹ ಕಡತಗಳ ಹೆಸರುಗಳನ್ನು ಕಂಸಗಳೊಳಗೆ ಇಟ್ಟು ತೋರಿಸುತ್ತಲೂ ಇದ್ದಿತು. ವ್ಯವಸ್ಥೆಗೆ ಸೇರಿದ ಕಡತಗಳು ಪ್ರತಿದಿನದ ಪಟ್ಟಿಯಲ್ಲಿ ಕಿಕ್ಕಿರಿಯದಿರಲೆಂಬುದೇ ಈ ಏರ್ಪಾಡಿನ ಪ್ರಯೋಜನವು. ರಹಸ್ಯವನ್ನು ಕಾಪಾಡುವ ಉದ್ದೇಶವು ಇದರಲ್ಲಿಯೂ ಇರಲಿಲ್ಲ.

೫. ಡಾಸ್ ವ್ಯವಸ್ಥೆಯಲ್ಲಿ ಗುಣಬೈಟು

೧೯೮೦ರಲ್ಲಿ ಸಿಯಾಟಲ್ ನಗರದ ಟಿಮ್ ಪ್ಯಾಟರ್‌ಸನ್ನರು ರಚಿಸಿದ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಕೊಂಡು, ೧೯೮೧ರ ಆಗಸ್ಟ್ ತಿಂಗಳಲ್ಲಿ ಹೊರಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿಗೆ ಒದಗಿಸಿತು. ಇದೇ ಡಾಸ್. ಭಾರತದ ಕಚೇರಿಗಳಲ್ಲಿ, ಕಾಲೇಜುಗಳಲ್ಲಿ, ಅಚ್ಚುಕೂಟಗಳಲ್ಲಿ ಮೊದಲ ತಲೆಮಾರಿನವರು ಕಲಿತುದು ಬಹುಮಟ್ಟಿಗೆ ಈ ವ್ಯವಸ್ಥೆಯನ್ನೇ. ಆದುದರಿಂದ ಇದರ ರಚನೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತವು.

ಡಾಸಿನ ಪಟ್ಟಿಯಲ್ಲಿ ಪ್ರತಿಯೊಂದು ಕಡತಕ್ಕೂ ೩೨ ಬೈಟುಗಳ ಒಂದು ಸಾಲು ಇರುವುದು. ಮೊದಲ ೮ ಬೈಟುಗಳು ಹೆಸರು, ಅನಂತರದ ೩ ಉತ್ತರಪದ. ಹನ್ನೆರಡನೆಯ ಬೈಟು ಗುಣಗಳಿಗೆ ಮೀಸಲು. ಅದರಲ್ಲಿ ೧ ಎಂದಿದ್ದರೆ ಓದಲು ಮಾತ್ರ ಯೋಗ್ಯ. ೨ ಎಂದರೆ ಗುಪ್ತ. ೪ ಎಂದರೆ ವ್ಯವಸ್ಥೆಗೆ ಸೇರಿದುದು. ೮ ಎಂದರೆ ತಟ್ಟೆಯ ನಾಮಫಲಕ. ೧೬ ಎಂದರೆ ಡೈರೆಕ್ಟರಿ. ೩೨ ಎಂದರೆ ಹೊಸದಾಗಿ ತಿದ್ದಲ್ಪಟ್ಟು ಇನ್ನೂ ನಕಲು ತೆಗೆಯದಿರುವುದು. ಇವುಗಳನ್ನು ಕೂಡಿಸಬಹುದು. ಗುಪ್ತವಾದ ಫೋಲ್ಡರೆಂದರೆ ೧೬ಕ್ಕೆ ೨ನ್ನು ಕೂಡಿದ ೧೮. ವ್ಯವಸ್ಥೆಗೂ ಸೇರಿದ ಗುಪ್ತ ಫೋಲ್ಡರಾದರೆ ೨೨. ಒಂದು ಬೈಟಿನಲ್ಲಿ ಒಂದು ಸಂಖ್ಯೆಯು ಬದಲಾದುದಷ್ಟೇ ಗುಪ್ತತೆಯ ಸರ್ವಸ್ವವು. ಒಳಗಿನ ಲೇಖ್ಯದ ಒಂದಕ್ಷರವೂ ಬದಲಾಗದು, ಸ್ಥಳಾಂತರವೂ ಆಗದು.

ಮೊದಲ ಆವೃತ್ತಿಯಲ್ಲಿ ಫೋಲ್ಡರುಗಳಿರಲಿಲ್ಲ. ೧೬೦ ಕಿಲೋಬೈಟುಗಳ ಫ್ಲಾಪಿಯಲ್ಲಿ ಹೆಚ್ಚೆಂದರೆ ೬೪ ಹೆಸರುಗಳಿಗೆ ಅವಕಾಶವಿದ್ದಿತು. ಅಷ್ಟಕ್ಕೆ ಪಟ್ಟಿಯ ವಿಭಾಗವು ಬೇಕಾಗಿರಲಿಲ್ಲ. ಆಗಲೂ ಯಂತ್ರವನ್ನು ಎಬ್ಬಿಸುವ ಐಬಿಎಂಬಯೋ, ಐಬಿಎಂಡಾಸ್ ಎಂಬೆರಡು ಕಡತಗಳು ಗುಪ್ತವಾಗಿದ್ದುವು. ಅರಿಯದವರು ಅವನ್ನು ಅಳಿಸಿ ಫ್ಲಾಪಿಯನ್ನು ಕೆಡಿಸದಿರಲೆಂಬುದೇ ಕಾರಣವು. ೧೯೮೩ರ ಮಾರ್ಚಿಯಲ್ಲಿ ೧೦ ಮೆಗಾಬೈಟುಗಳ ಸ್ಥಿರತಟ್ಟೆಯುಳ್ಳ ಪಿಸಿ ಎಕ್ಸ್‌ಟಿ ಯಂತ್ರದೊಡನೆ ಎರಡನೆಯ ಆವೃತ್ತಿಯು ಬಂದಿತು. ಅಷ್ಟು ದೊಡ್ಡ ತಟ್ಟೆಯಲ್ಲಿ ನೂರಾರು ಕಡತಗಳನ್ನು ಒಂದೇ ಪಟ್ಟಿಯಲ್ಲಿ ಹುಡುಕುವುದು ಕಷ್ಟವಾದುದರಿಂದ ಯೂನಿಕ್ಸಿನ ಮಾದರಿಯ ಫೋಲ್ಡರುಗಳು ಇದರಲ್ಲಿ ಸೇರಿದುವು. ಎಂಡಿ ಎಂಬ ಆಜ್ಞೆಯು ಫೋಲ್ಡರನ್ನು ಹುಟ್ಟಿಸುವುದು, ಸಿಡಿ ಎಂಬುದು ಅದರೊಳಕ್ಕೆ ಒಯ್ಯುವುದು, ಆರ್‌ಡಿ ಎಂಬುದು ತೆಗೆದುಹಾಕುವುದು.

ಗುಪ್ತತೆಯ ಗುರುತು ಮೊದಲಿನಿಂದಲೂ ಇದ್ದರೂ ಅದನ್ನು ಸಾಮಾನ್ಯನ ಕೈಗೆ ಕೊಡುವ ಆಜ್ಞೆಯು ತಡವಾಗಿ ಬಂದಿತು. ೧೯೮೪ರ ಮೂರನೆಯ ಆವೃತ್ತಿಯಲ್ಲಿ ಅಟ್ರಿಬ್ ಎಂಬ ಆಜ್ಞೆಯು ಸೇರಿತು. ಆದರೆ ಅದು ಓದಲು ಮಾತ್ರ ಎಂಬ ಗುಣವೊಂದನ್ನೇ ಹಾಕಲು ತೆಗೆಯಲು ಸಮರ್ಥವಾಗಿದ್ದಿತು. ಗುಪ್ತಗುಣವನ್ನು ಹಾಕಬೇಕೆನ್ನುವವರು ಡೀಬಗ್ ಎಂಬ ಉಪಕರಣದಿಂದ ತಟ್ಟೆಯ ಬೈಟುಗಳನ್ನೇ ಓದಿ ತಿದ್ದಬೇಕಾಗಿದ್ದಿತು, ಇಲ್ಲವೆ ೧೯೮೨ರಿಂದ ಪ್ರಚಾರಕ್ಕೆ ಬಂದ ನಾರ್ಟನ್ ಯುಟಿಲಿಟೀಸ್ ಮುಂತಾದ ಹೊರಗಿನ ಸಾಧನಗಳನ್ನು ಆಶ್ರಯಿಸಬೇಕಾಗಿದ್ದಿತು. ೧೯೯೧ರ ಐದನೆಯ ಆವೃತ್ತಿಯಲ್ಲಿ ಅಟ್ರಿಬ್ ಆಜ್ಞೆಗೆ ಗುಪ್ತಗುಣವೂ ವ್ಯವಸ್ಥಾಗುಣವೂ ವಶವಾದುವು.

ಅಲ್ಲಿಂದ ಮುಂದೆ ವಿಧಾನವು ಅತಿಸುಲಭವಾಯಿತು. ಎಂಡಿ ಲೆಕ್ಕ ಎಂದು ಬರೆದು ಲೆಕ್ಕ ಎಂಬ ಫೋಲ್ಡರನ್ನು ಹುಟ್ಟಿಸಬೇಕು. ಅನಂತರ ಅಟ್ರಿಬ್ ಎಂದು ಬರೆದು, ಕೂಡುವ ಚಿಹ್ನೆಯೊಡನೆ ಎಚ್ ಅಕ್ಷರವನ್ನೂ ಫೋಲ್ಡರಿನ ಹೆಸರನ್ನೂ ಬರೆಯಬೇಕು. ಡಿಐಆರ್ ಎಂಬ ಪಟ್ಟಿಯ ಆಜ್ಞೆಯನ್ನು ಕೊಟ್ಟರೆ ಲೆಕ್ಕವು ಕಾಣದು. ಸಿಡಿ ಲೆಕ್ಕ ಎಂದು ಬರೆದರೆ ಯಂತ್ರವು ಯಾವ ಪ್ರಶ್ನೆಯನ್ನೂ ಕೇಳದೆ ಒಳಕ್ಕೆ ಬಿಡುವುದು. ಡಿಐಆರ್ ಆಜ್ಞೆಗೆ ಓರೆಗೆರೆಯನ್ನೂ ಎ, ಎಚ್ ಎಂಬ ಅಕ್ಷರಗಳನ್ನೂ ಸೇರಿಸಿದರೆ ಗುಪ್ತವಾದುವೆಲ್ಲ ಸಾಲಾಗಿ ಕಾಣುವುವು. ಕೂಡುವ ಚಿಹ್ನೆಗೆ ಬದಲಾಗಿ ಕಳೆಯುವ ಚಿಹ್ನೆಯನ್ನು ಬರೆದರೆ ಗುಪ್ತತೆಯು ಹೋಗುವುದು. ಹೆಸರನ್ನು ತಿಳಿದವನಿಗೆ ಬಾಗಿಲು ಸದಾ ತೆರೆದಿದ್ದಿತು. ಹೆಸರನ್ನು ತಿಳಿಯದವನಿಗೂ ಎರಡಕ್ಷರಗಳ ಅಂತರ ಮಾತ್ರ ಇದ್ದಿತು.

ಇದಲ್ಲದೆ ಗುಣಬೈಟನ್ನು ಮುಟ್ಟದ ಇನ್ನೊಂದು ಉಪಾಯವು ವಿದ್ಯಾರ್ಥಿಗಳಲ್ಲಿ ಪ್ರಚಾರದಲ್ಲಿದ್ದಿತು. ಆಲ್ಟ್ ಎಂಬ ಕೀಲಿಯನ್ನು ಒತ್ತಿಹಿಡಿದು ೨೫೫ ಎಂದು ಬರೆದರೆ, ಐಬಿಎಂ ಅಕ್ಷರಪಟ್ಟಿಕೆಯ ಕೊನೆಯ ವರ್ಣವು ಬರುವುದು. ಅದು ಪರದೆಯ ಮೇಲೆ ಖಾಲಿ ಸ್ಥಳದಂತೆ ತೋರುವುದಾದರೂ ಯಂತ್ರಕ್ಕೆ ಅದು ಒಂದು ಅಕ್ಷರವೇ. ಅದನ್ನೇ ಹೆಸರಾಗಿಟ್ಟ ಫೋಲ್ಡರಿಗೆ ಹೆಸರೇ ಇಲ್ಲವೆಂಬಂತೆ ಕಾಣುವುದು. ಪಟ್ಟಿಯಲ್ಲಿ ಸಾಲು ಇರುವುದು, ಹೆಸರಿನ ಸ್ಥಳವು ಬರಿದಾಗಿರುವುದು. ಮೊದಲಿನ ಉಪಾಯದಲ್ಲಿ ವಸ್ತುವು ಮರೆಯಾಯಿತು, ಇಲ್ಲಿ ನಾಮವು ಮರೆಯಾಯಿತು.

೬. ಲೋಪವಾದುದರ ಕಾರ್ಯ

ಗುಪ್ತವಾದುದು ನಿಷ್ಕ್ರಿಯವಲ್ಲವೆಂಬುದಕ್ಕೆ ಡಾಸಿನಲ್ಲಿಯೇ ಎರಡು ಪ್ರಮಾಣಗಳು ಇದ್ದುವು. ಫೋಲ್ಡರೊಂದರಲ್ಲಿ ಗುಪ್ತಕಡತವು ಉಳಿದಿದ್ದರೆ, ಪಟ್ಟಿಯು ಬರಿದಾಗಿ ತೋರಿದರೂ, ಆರ್‌ಡಿ ಆಜ್ಞೆಯು ಅದನ್ನು ತೆಗೆಯಲು ಒಪ್ಪುತ್ತಿರಲಿಲ್ಲ. ಡೈರೆಕ್ಟರಿಯು ಖಾಲಿಯಾಗಿಲ್ಲವೆಂಬ ಉತ್ತರವು ಬರುತ್ತಿದ್ದಿತು. ಖಾಲಿಯಾಗಿ ಕಾಣುವ ಫೋಲ್ಡರನ್ನು ಖಾಲಿಯಲ್ಲವೆನ್ನುವ ಯಂತ್ರದ ಮುಂದೆ ಹೊಸಬರು ದಿಕ್ಕುತೋಚದೆ ಕುಳಿತಿರುತ್ತಿದ್ದರು. ಲೋಪವಾದ ಪ್ರತ್ಯಯವು ತನ್ನ ಕಾರ್ಯವನ್ನು ನಡೆಯಿಸುವುದೆಂಬ ಪಾಣಿನಿಯ ವಿಧಿಯನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಎರಡನೆಯ ಪ್ರಮಾಣವು ಚೆಕ್‌ಡಿಸ್ಕ್ ಎಂಬ ಆಜ್ಞೆಯು. ತಟ್ಟೆಯ ಲೆಕ್ಕವನ್ನು ಒಪ್ಪಿಸುವಾಗ ಅದು ಇಷ್ಟು ಗುಪ್ತಕಡತಗಳು ಇಷ್ಟು ಬೈಟುಗಳನ್ನು ಆಕ್ರಮಿಸಿವೆಯೆಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಿತು. ಹೆಸರನ್ನು ಮರೆಮಾಡಬಹುದು, ಅದು ತಿಂದ ಜಾಗವನ್ನು ಮರೆಮಾಡಲಾಗದು.

ಇದಕ್ಕಿಂತಲೂ ವಿಚಾರಾರ್ಹವಾದುದು ಅಳಿಸುವಿಕೆಯ ಕ್ರಮವು. ಕಡತವನ್ನು ಅಳಿಸೆಂದು ಆಜ್ಞಾಪಿಸಿದಾಗ ಡಾಸ್ ಲೇಖ್ಯವನ್ನು ಅಳಿಸುತ್ತಿರಲಿಲ್ಲ. ಹೆಸರಿನ ಮೊದಲ ಅಕ್ಷರದ ಸ್ಥಾನದಲ್ಲಿ ೨೨೯ ಎಂಬ ಸಂಖ್ಯೆಯನ್ನು ಬರೆದು, ಅದರ ಸ್ಥಳವು ಬಿಡುವಾಗಿದೆಯೆಂದು ಗುರುತುಮಾಡುತ್ತಿದ್ದಿತು. ಆ ಸ್ಥಳದಲ್ಲಿ ಬೇರೊಂದನ್ನು ಬರೆಯುವವರೆಗೆ ಹಳೆಯ ಲೇಖ್ಯವು ಇದ್ದಂತೆಯೇ ಇರುವುದು. ಐದನೆಯ ಆವೃತ್ತಿಯಲ್ಲಿ ಬಂದ ಅನ್‌ಡಿಲೀಟ್ ಎಂಬ ಆಜ್ಞೆಯು ಲೋಪವಾದ ಮೊದಲ ಅಕ್ಷರ ಯಾವುದೆಂದು ಕೇಳಿ, ಹೇಳಿದರೆ ಕಡತವನ್ನು ಮರಳಿ ಕೊಡುತ್ತಿದ್ದಿತು. ಹೀಗೆ ಜನರು ನಾಶವೆಂದು ತಿಳಿದುದೂ ಅದರ್ಶನವೇ ಆಗಿದ್ದಿತು. ವ್ಯತ್ಯಾಸವಿಷ್ಟೆ: ಗುಪ್ತವಾದುದರ ಸ್ಥಳವು ಅದರದೇ ಆಗಿ ಉಳಿಯುವುದು, ಅಳಿಸಿದುದರ ಸ್ಥಳವು ಪರರ ಪಾಲಿಗೆ ಬಿಡಲ್ಪಡುವುದು.

೭. ಪೂರ್ವಪಕ್ಷವೂ ಸಮಾಧಾನವೂ

ಇಲ್ಲಿ ಒಂದು ಆಕ್ಷೇಪವು ಬರಬಹುದು. ಪ್ರಾಚೀನ ಭಾರತದಲ್ಲಿ ಗುಪ್ತಲೇಖನವು ರಾಜಕಾರ್ಯದ ಅಂಗವಾಗಿದ್ದಿತು. ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲಿ ಚಾರರ ವಾರ್ತೆಯನ್ನು ಸಂಜ್ಞಾಲಿಪಿಯಿಂದಲೂ ಗೂಢಲೇಖ್ಯದಿಂದಲೂ ಸಾಗಿಸುವ ಕ್ರಮವು ಹೇಳಲ್ಪಟ್ಟಿದೆ. ವಾತ್ಸ್ಯಾಯನನು ಎಣಿಸಿದ ಅರವತ್ತನಾಲ್ಕು ಕಲೆಗಳಲ್ಲಿ ಮ್ಲೇಚ್ಛಿತವಿಕಲ್ಪವೆಂಬುದೂ ಒಂದು. ಅವರು ಗುಪ್ತತೆಯನ್ನೇ ರಕ್ಷಣೆಯಾಗಿ ನಂಬಿದ್ದರೆಂದಾದರೆ, ಗಣಕಯಂತ್ರದ ಗುಪ್ತ ಫೋಲ್ಡರನ್ನು ಮಾತ್ರ ಏಕೆ ಆಕ್ಷೇಪಿಸಬೇಕು?

ಇದಕ್ಕೆ ಸಮಾಧಾನವು. ಮ್ಲೇಚ್ಛಿತವಿಕಲ್ಪದಲ್ಲಿ ಮರೆಯಾಗುವುದು ಅರ್ಥವು. ಪತ್ರವು ಶತ್ರುವಿನ ಕೈಗೆ ಸಿಕ್ಕರೂ, ವರ್ಣಗಳ ವ್ಯತ್ಯಾಸಕ್ರಮವನ್ನು ಅರಿಯದವನಿಗೆ ಅದು ನಿಷ್ಫಲವು. ಇಂದಿನ ಗಣಕಯಂತ್ರಗಳಲ್ಲಿ ಗೂಢಲಿಪೀಕರಣವೆಂಬುದು ಇದರ ಸಂತಾನವು. ಗುಪ್ತ ಫೋಲ್ಡರಿನಲ್ಲಿ ಮರೆಯಾಗುವುದು ಅರ್ಥವಲ್ಲ, ಇರವು ಮಾತ್ರ. ಕಂಡುಹಿಡಿದ ಕ್ಷಣದಲ್ಲಿ ಅರ್ಥವೂ ಕೈವಶವಾಗುವುದು. ಅರ್ಥಶಾಸ್ತ್ರದ ಗೂಢಲೇಖ್ಯದ ಹಿಂದೆಯಾದರೋ ರಾಜನ ಬಲ, ಚಾರರ ನಿಷ್ಠೆ, ದಂಡದ ಭಯ ಇವೆಲ್ಲ ಇದ್ದುವು. ಆದುದರಿಂದ ಗೋಪನ, ಗೂಢಲಿಪಿ, ಅಧಿಕಾರನಿಯಮ ಎಂಬ ಮೂರನ್ನು ಪ್ರತ್ಯೇಕವಾಗಿಯೇ ಎಣಿಸಬೇಕು. ಮೊದಲನೆಯದು ಕಣ್ಣಿನಿಂದ ಮರೆಮಾಡುವುದು, ಎರಡನೆಯದು ಬುದ್ಧಿಯಿಂದ, ಮೂರನೆಯದು ಕೈಯನ್ನು ತಡೆಯುವುದು. ಡಾಸಿನಲ್ಲಿ ಇದ್ದುದು ಮೊದಲನೆಯದೊಂದೇ. ಆ ವ್ಯವಸ್ಥೆಯಲ್ಲಿ ಬಳಸುವವನು ಯಾರೆಂಬ ಪ್ರಶ್ನೆಯೇ ಇರಲಿಲ್ಲ. ಕೀಲಿಮಣೆಯ ಮುಂದೆ ಕುಳಿತವನೇ ಒಡೆಯನು. ಮೈಕ್ರೋಸಾಫ್ಟಿನ ವ್ಯವಸ್ಥೆಗಳಲ್ಲಿ ಪ್ರತಿಯೊಬ್ಬನ ಅಧಿಕಾರವನ್ನೂ ಫೋಲ್ಡರಿಗೆ ಅಂಟಿಸುವ ಏರ್ಪಾಡು ೧೯೯೩ರ ವಿಂಡೋಸ್ ಎನ್‌ಟಿಯಿಂದ ಬಂದಿತು.

೮. ಗುಪ್ತತೆಯು ಒಡೆಯನಿಗೇ ವಿರೋಧವಾದ ಬಗೆ

ಮರೆಮಾಡುವ ಗುರುತು ಒಡೆಯನ ಕೈಯಲ್ಲಿಯೇ ಇರುವುದೆಂಬ ನಿಯಮವೇನೂ ಇರಲಿಲ್ಲ. ೧೯೮೬ರಲ್ಲಿ ಲಾಹೋರಿನಲ್ಲಿ ಹುಟ್ಟಿದ ಬ್ರೈನ್ ಎಂಬ ವೈರಸ್ಸು ಫ್ಲಾಪಿಯ ಮೊದಲ ಭಾಗವನ್ನು ಆಕ್ರಮಿಸಿ, ಯಾರಾದರೂ ಆ ಭಾಗವನ್ನು ಓದಲೆಳಸಿದರೆ ತಾನು ಬೇರೆಡೆ ಅಡಗಿಸಿಟ್ಟ ಮೂಲಪ್ರತಿಯನ್ನೇ ತೋರಿಸುತ್ತಿದ್ದಿತು. ೨೦೦೫ರಲ್ಲಿ ಸೋನಿ ಬಿಎಂಜಿ ಸಂಸ್ಥೆಯು ಸಂಗೀತದ ತಟ್ಟೆಗಳಲ್ಲಿ ಸೇರಿಸಿದ್ದ ನಕಲುನಿರೋಧಕ ತಂತ್ರವು, ಡಾಲರ್ ಚಿಹ್ನೆಗಳ ನಡುವೆ ಸಿಸ್ ಎಂಬ ಅಕ್ಷರಗಳಿಂದ ಮೊದಲಾಗುವ ಯಾವ ಹೆಸರನ್ನಾದರೂ ಯಂತ್ರದ ಒಡೆಯನಿಗೇ ಕಾಣದಂತೆ ಮಾಡುತ್ತಿದ್ದಿತೆಂಬುದನ್ನು ಮಾರ್ಕ್ ರುಸ್ಸಿನೋವಿಚ್ಚರು ಅದೇ ವರ್ಷದ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಬಯಲಿಗೆಳೆದರು. ಯೂನಿಕ್ಸಿನ ಬಿಂದುವಿನಲ್ಲಿದ್ದ ಅತಿವ್ಯಾಪ್ತಿಯು ಇಲ್ಲಿ ಪುನಃ ಬಂದಿತು: ಆ ಅಕ್ಷರಗಳನ್ನು ಹೆಸರಿಗೆ ಹಚ್ಚಿಕೊಂಡ ಇತರರ ದುಷ್ಟಕಡತಗಳೂ ಅದೇ ಮರ��ಯಲ್ಲಿ ಅಡಗಬಹುದಾಯಿತು.

ಕನ್ನಡನಾಡಿನ ಕಾಲೇಜುಗಳಿಗೂ ಡಿಟಿಪಿ ಅಂಗಡಿಗಳಿಗೂ ಹೆಚ್ಚು ಪರಿಚಿತವಾದ ಅನುಭವವು ಪೆನ್‌ಡ್ರೈವಿನದು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದ ಕೊನೆಗೆ ಹರಡಿದ ಕೆಲವು ವೈರಸ್ಸುಗಳು ಪೆನ್‌ಡ್ರೈವಿನಲ್ಲಿದ್ದ ನಿಜವಾದ ಫೋಲ್ಡರುಗಳಿಗೆ ಗುಪ್ತಗುಣವನ್ನೂ ವ್ಯವಸ್ಥಾಗುಣವನ್ನೂ ಹಚ್ಚಿ, ಅವುಗಳ ಸ್ಥಾನದಲ್ಲಿ ಅದೇ ಹೆಸರಿನ ಹುಸಿ ಗುರುತುಗಳನ್ನು ಇಡುತ್ತಿದ್ದುವು. ಹುಸಿಯನ್ನು ಒತ್ತಿದವನ ಯಂತ್ರಕ್ಕೆ ವೈರಸ್ಸು ಹತ್ತುತ್ತಿದ್ದಿತು. ಹೊಸ ವ್ಯವಸ್ಥೆಯ ಚಿತ್ರಮಯ ಪರದೆಯಲ್ಲಿ ಇದಕ್ಕೆ ಸುಲಭವಾದ ಪರಿಹಾರವು ತೋರದಿದ್ದುದರಿಂದ, ಡಾಸಿನ ಕಾಲದ ಅಟ್ರಿಬ್ ಆಜ್ಞೆಯೇ ನೆರವಿಗೆ ಬಂದಿತು. ಎಚ್, ಎಸ್, ಆರ್ ಎಂಬ ಮೂರಕ್ಷರಗಳನ್ನು ಕಳೆಯುವ ಚಿಹ್ನೆಯೊಡನೆ ಬರೆದು, ಒಳಗಿನ ಕಡತಗಳಿಗೂ ಫೋಲ್ಡರುಗಳಿಗೂ ಅನ್ವಯಿಸುವಂತೆ ಎಸ್, ಡಿ ಎಂಬ ಅಕ್ಷರಗಳನ್ನು ಓರೆಗೆರೆಯೊಡನೆ ಸೇರಿಸಿದರೆ, ನಷ್ಟವಾದುವೆಂದು ತಿಳಿದ ಫೋಲ್ಡರುಗಳು ಇದ್ದಲ್ಲಿಯೇ ಕಾಣುತ್ತಿದ್ದುವು. ೧೮ ಅಥವಾ ೨೨ ಎಂಬ ಸಂಖ್ಯೆಯು ೧೬ಕ್ಕೆ ಇಳಿದುದಷ್ಟೇ ನಡೆದ ಕಾರ್ಯವು. ೨೦೧೧ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಹಳೆಯ ವಿಂಡೋಸುಗಳಲ್ಲಿಯೂ ಪೆನ್‌ಡ್ರೈವು ತಾನಾಗಿ ನಡೆಯುವ ಏರ್ಪಾಡನ್ನು ನಿಲ್ಲಿಸಿದ ಮೇಲೆ ಒಂದು ಹರಡುವ ದಾರಿಯು ಮುಚ್ಚಿತು.

ಈ ಆಜ್ಞೆಯನ್ನು ಅರಿಯದವನು ಮಾಡುತ್ತಿದ್ದ ಕಾರ್ಯವು ಮಾತ್ರ ಅನರ್ಥಕಾರಿಯಾಗಿದ್ದಿತು. ಕಡತಗಳು ಹೋದುವೆಂದು ನಿರ್ಣಯಿಸಿ, ಪೆನ್‌ಡ್ರೈವನ್ನು ಫಾರ್ಮ್ಯಾಟು ಮಾಡುವುದು. ಎಂದರೆ ಪಟ್ಟಿಯನ್ನೇ ಅಳಿಸಿ ಹೊಸದಾಗಿ ಬರೆಯುವುದು. ಅದರ್ಶನವನ್ನು ನಾಶವೆಂದು ತಪ್ಪಾಗಿ ತಿಳಿದವನು ತನ್ನ ಕೈಯಿಂದಲೇ ನಾಶವನ್ನು ತಂದುಕೊಳ್ಳುವನು. ಹಳೆಯ ಯಂತ್ರವನ್ನು ಮಾರುವಾಗ ಗುಪ್ತ ಫೋಲ್ಡರನ್ನು ಮರೆತವನಿಗೆ ಇದರ ಎರಡು ಕೇಡುಗಳೂ ಒಟ್ಟಿಗೆ ಸಂಭವಿಸುವುವು: ತನಗೆ ಬೇಕಾದುದು ತನ್ನಿಂದ ಹೋಗುವುದು, ಪರರಿಗೆ ತಿಳಿಯಬಾರದುದು ಪರರ ವಶವಾಗುವುದು.

೯. ಊರ್ಡಿಗೆರೆಯ ಪಹಣಿ

ಈ ವಿಚಾರವನ್ನು ಸಾರ್ವಜನಿಕ ಲೇಖ್ಯಗಳಿಗೆ ಅನ್ವಯಿಸಿ ನೋಡಿದಾಗ ಇದರ ಗೌರವವು ಸ್ಪಷ್ಟವಾಗುವುದು. ದೇವರಾಯನದುರ್ಗದ ಬೆಟ್ಟಸಾಲಿಗೆ ಸಮೀಪವಾದ ಊರ್ಡಿಗೆರೆಯು ತುಮಕೂರು ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರವು. ಇಲ್ಲಿಯ ರೈತನಿಗೆ ತನ್ನ ಜಮೀನಿನ ಹಕ್ಕು, ಗೇಣಿ, ಬೆಳೆ ಇವುಗಳನ್ನು ಸೂಚಿಸುವ ಪಹಣಿಯೇ ಸಾಲಕ್ಕೂ ವ್ಯವಹಾರಕ್ಕೂ ಆಧಾರವು. ಹಳೆಯ ಮೈಸೂರಿನ ಇತರ ಗ್ರಾಮಗಳಲ್ಲಿ ಇದ್ದಂತೆ ಇಲ್ಲಿಯೂ ಹಿಂದೆ ಲೆಕ್ಕದ ಪುಸ್ತಕವು ವಂಶಪಾರಂಪರ್ಯವಾಗಿ ಬಂದ ಶಾನುಭೋಗನ ವಶದಲ್ಲಿದ್ದಿತು. ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯ ಅನಂತರ ಗ್ರಾಮಲೆಕ್ಕಿಗನ ವಶಕ್ಕೆ ಹೋಯಿತು. ರಾಜ್ಯದಲ್ಲಿ ಸುಮಾರು ೯೦೦೦ ಗ್ರಾಮಲೆಕ್ಕಿಗರು ಇದ್ದರು. ಪುಸ್ತಕವು ರೈತನಿಗೆ ಸುಲಭವಾಗಿ ಕಾಣುತ್ತಿರಲಿಲ್ಲ. ಇಟ್ಟುಕೊಂಡವನು ತಿದ್ದಲು ಮಾತ್ರ ತಡೆಯು ಕಡಿಮೆಯಾಗಿದ್ದಿತು. ದರ್ಶನಕ್ಕೆ ಅಡ್ಡಿ, ಪರಿವರ್ತನೆಗೆ ಅವಕಾಶ ಎಂಬ ಈ ಸ್ಥಿತಿಯು ಡಾಸಿನ ಗುಪ್ತ ಫೋಲ್ಡರಿನ ಸ್ಥಿತಿಯೇ ಸರಿ.

೨೦೦೦ದ ಸುಮಾರಿಗೆ ಕರ್ನಾಟಕ ಸರ್ಕಾರವು ಆರಂಭಿಸಿದ ಭೂಮಿ ಯೋಜನೆಯಲ್ಲಿ ಸುಮಾರು ೬೭ ಲಕ್ಷ ಭೂಮಾಲೀಕರ ಸುಮಾರು ೨ ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದುವು. ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ ಆಗ ೧೫ ರೂಪಾಯಿಗಳನ್ನು ಕೊಟ್ಟ ಯಾರಿಗಾದರೂ ಪಹಣಿಯ ಮುದ್ರಿತ ಪ್ರತಿಯು ದೊರೆಯುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆಯು ನಿಂತಿತು. ರೈತನಿಗೆ ಎದುರಾಗಿ ಎರಡನೆಯ ಪರದೆಯೊಂದನ್ನು ಇಟ್ಟು, ತನ್ನ ಲೇಖ್ಯದಲ್ಲಿ ನಡೆಯುವುದನ್ನು ಅವನೇ ನೋಡುವಂತೆ ಏರ್ಪಡಿಸಲಾಯಿತು. ಬದಲಾವಣೆಯನ್ನು ಬರೆಯುವ ನೌಕರನಾದರೋ ತನ್ನ ಬೆರಳಚ್ಚಿನಿಂದ ತಾನು ಯಾರೆಂಬುದನ್ನು ಯಂತ್ರಕ್ಕೆ ಸಿದ್ಧಪಡಿಸಿಯೇ ಬರೆಯಬೇಕಾಯಿತು. ಇಲ್ಲಿ ಮರೆಮಾಡುವುದು ಮೂಲೆಗೆ ಸರಿಯಿತು. ನೋಡುವುದು ಎಲ್ಲರಿಗೆ, ತಿದ್ದುವುದು ಗುರುತಿಸಲ್ಪಟ್ಟವನಿಗೆ ಎಂಬ ನಿಯಮವು ನೆಲೆಗೊಂಡಿತು. ಹಳೆಯ ಪುಸ್ತಕದಲ್ಲಿದ್ದ ತಪ್ಪು ಹೊಸ ಯಂತ್ರಕ್ಕೂ ಏರಿರಬಹುದು. ಆದರೆ ಕಾಣುವ ತಪ್ಪನ್ನು ತಿದ್ದಿಸಬಹುದು, ಕಾಣದ ತಪ್ಪನ್ನು ತಿದ್ದಿಸುವವರಿಲ್ಲ.

೧೦. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧವಾಗುವುದೇನೆಂದರೆ: ಯೂನಿಕ್ಸಿನ ಬಿಂದುವು ಅತಿವ್ಯಾಪ್ತವಾದ ಒಂದು ವಿಧಿಯಿಂದ ಆಕಸ್ಮಿಕವಾಗಿ ಹುಟ್ಟಿತು; ಸಿಪಿ/ಎಂ, ಡಾಸುಗಳ ಗುಪ್ತಗುಣವು ಪಟ್ಟಿಯ ಗಡಿಬಿಡಿಯನ್ನೂ ಅರಿಯದವರ ಕೈತಪ್ಪನ್ನೂ ತಡೆಯಲು ಉದ್ದೇಶಪೂರ್ವಕವಾಗಿ ಹುಟ್ಟಿತು. ಇವುಗಳಲ್ಲಿ ಯಾವುದೂ ರಹಸ್ಯರಕ್ಷಣೆಗಾಗಿ ಹುಟ್ಟಲಿಲ್ಲ. ತನ್ನ ಕೆಲಸದ ಮೇಜನ್ನು ಓರಣವಾಗಿಡಲು ಗುಪ್ತ ಫೋಲ್ಡರು ಇಂದಿಗೂ ಯೋಗ್ಯವೇ. ಲಿನಕ್ಸ್ ಮೊದಲಾದ ವ್ಯವಸ್ಥೆಗಳಲ್ಲಿ ಬಿಂದುವಿನ ಫೋಲ್ಡರುಗಳು ಆ ಕಾರ್ಯವನ್ನೇ ಮಾಡುತ್ತಿವೆ. ಪರರು ಓದಬಾರದ ಲೇಖ್ಯಕ್ಕೆ ಗೂಢಲಿಪಿಯನ್ನೂ, ಪರರು ತಿದ್ದಬಾರದ ಲೇಖ್ಯಕ್ಕೆ ಅಧಿಕಾರನಿಯಮವನ್ನೂ, ಉಳಿಯಬೇಕಾದ ಲೇಖ್ಯಕ್ಕೆ ಪಟ್ಟಿಯಲ್ಲಿ ಸ್ಪಷ್ಟವಾದ ಹೆಸರನ್ನೂ ಬೇರೆಡೆ ಇಟ್ಟ ಒಂದು ಪ್ರತಿಯನ್ನೂ ಕಲ್ಪಿಸತಕ್ಕುದು. ಕನ್ನಡದ ಎಷ್ಟೋ ಬರಹಗಳು ಹಳೆಯ ಫ್ಲಾಪಿಗಳಲ್ಲಿಯೂ ಸ್ಥಿರತಟ್ಟೆಗಳಲ್ಲಿಯೂ ಮಲಗಿರುವ ಈ ಕಾಲದಲ್ಲಿ, ಬರಿದಾಗಿ ತೋರುವ ಪಟ್ಟಿಯನ್ನು ನಂಬಿ ಅವನ್ನು ಎಸೆಯುವುದಕ್ಕೆ ಮೊದಲು, ಗುಪ್ತವಾದುದನ್ನೂ ತೋರಿಸೆಂಬ ಎರಡಕ್ಷರಗಳನ್ನು ಆಜ್ಞೆಗೆ ಸೇರಿಸಿ ಒಮ್ಮೆ ನೋಡುವುದು ಲೇಖ್ಯಗಳನ್ನು ಕಾಯುವ ಪ್ರತಿಯೊಬ್ಬರ ಕರ್ತವ್ಯವಾಗಿದೆ.